ಡಿ ಡ್ರೈವ್‌ಗೆ ಬೀಗ ಹಾಕಬಹುದು, ಕೀಲಿಕೈ ಎಲ್ಲಿಡುತ್ತೀರಿ?

ಪ್ರಶ್ನೆ: ಸರ್, ದಾವಣಗೆರೆಯಲ್ಲಿ ನನ್ನದೊಂದು ಚಿಕ್ಕ ತೆರಿಗೆ ಸಲಹಾ ಕಚೇರಿ ಇದೆ. ಲ್ಯಾಪ್‌ಟಾಪ್‌ನ ಡಿ ಡ್ರೈವ್‌ನಲ್ಲಿ, ಸುಮಾರು 500 ಜಿಬಿ, ಗ್ರಾಹಕರ ಪ್ಯಾನ್, ಆಧಾರ್ ನಕಲು, ಬ್ಯಾಂಕ್ ಸ್ಟೇಟ್‌ಮೆಂಟ್, ಟ್ಯಾಲಿ ಡೇಟಾ ಎಲ್ಲ ಇದೆ. ಹೋದ ತಿಂಗಳು ಪರಿಚಯದವರೊಬ್ಬರ ಲ್ಯಾಪ್‌ಟಾಪ್ ಬ್ಯಾಗ್ ಬಸ್ಸಿನಲ್ಲಿ ಕಳುವಾಯಿತು. ಅವತ್ತಿನಿಂದ ನನಗೂ ಭಯ. ದುಡ್ಡು ಖರ್ಚು ಮಾಡದೆ, ಓಪನ್ ಸೋರ್ಸ್ (ಕೋಡ್ ಯಾರು ಬೇಕಾದರೂ ನೋಡಬಹುದಾದ) ತಂತ್ರಾಂಶದಲ್ಲಿ ಡಿ ಡ್ರೈವ್ ಒಂದನ್ನೇ ಎನ್‌ಕ್ರಿಪ್ಟ್ ಮಾಡಬಹುದಾ, ಅಂದರೆ ಪಾಸ್‌ವರ್ಡ್ ಇಲ್ಲದೆ ಯಾರೂ ಓದಲಾಗದಂತೆ ಮಾಡಬಹುದಾ? ಗೆಳೆಯನೊಬ್ಬ ಟ್ರೂಕ್ರಿಪ್ಟ್ ಹಾಕಿಕೋ ಅನ್ನುತ್ತಾನೆ. ಕೆಲಸದ ಮಧ್ಯೆ ಕರೆಂಟ್ ಹೋದರೆ? ಪಾಸ್‌ವರ್ಡ್ ಮರೆತರೆ? ಮನೆಯಲ್ಲಿ ಮಗಳ ಹತ್ತಿರ ಲಿನಕ್ಸ್ ಕಂಪ್ಯೂಟರ್ ಇದೆ, ಅದಕ್ಕೂ ಇದೇ ಆಗುತ್ತದಾ?

ಉತ್ತರ: ಆಗುತ್ತದೆ. ನಿಮಗೆ ಬೇಕಾದದ್ದು ವೆರಾಕ್ರಿಪ್ಟ್. ಗೆಳೆಯರು ಹೇಳಿದ ಟ್ರೂಕ್ರಿಪ್ಟ್ ಬೇಡ.

ಗೆಳೆಯರ ಮಾತು ಪೂರ್ತಿ ತಪ್ಪೇನಲ್ಲ, ಹಳೆಯದು ಅಷ್ಟೇ. 2004ರಲ್ಲಿ ಬಂದ ಟ್ರೂಕ್ರಿಪ್ಟ್ ಹತ್ತು ವರ್ಷ ಈ ಕೆಲಸದ ರಾಜನಾಗಿತ್ತು. 2008ರಲ್ಲಿ ಬ್ರೆಜಿಲ್ ಪೊಲೀಸರು ಒಬ್ಬ ಬ್ಯಾಂಕರ್ ಮನೆಯಿಂದ ಹಾರ್ಡ್ ಡಿಸ್ಕ್‌ಗಳನ್ನು ಜಪ್ತಿ ಮಾಡಿದರು. ಅಲ್ಲಿನ ತಜ್ಞರು ಐದು ತಿಂಗಳು ಹೆಣಗಾಡಿ ಕೈಚೆಲ್ಲಿದರು. ಆಮೇಲೆ ಅಮೆರಿಕದ ಎಫ್‌ಬಿಐ ಒಂದು ವರ್ಷ ಪ್ರಯತ್ನಪಟ್ಟು ಹಾಗೇ ವಾಪಸ್ ಕಳಿಸಿತು. ಅದರಲ್ಲಿ ಟ್ರೂಕ್ರಿಪ್ಟ್ ಬಳಸಿದ್ದರು. ಆದರೆ 2014ರ ಮೇ 28ರಂದು ಅದನ್ನು ಮಾಡುತ್ತಿದ್ದವರು, ಅವರು ಯಾರು ಅಂತ ಬಹಿರಂಗವಾಗಿ ಹೇಳಿಕೊಂಡಿರಲೇ ಇಲ್ಲ, ‘ಇನ್ನು ಇದನ್ನು ಬಳಸುವುದು ಸುರಕ್ಷಿತವಲ್ಲ’ ಅಂತ ಒಂದು ಸೂಚನೆ ಹಾಕಿ ಅಂಗಡಿ ಮುಚ್ಚಿದರು. ಆಮೇಲೆ ಪರಿಣತರು ಅದರ ಕೋಡ್ ಕೂತು ಓದಿದರು. 2015ರ ವರದಿಯಲ್ಲಿ ಗುಟ್ಟಾಗಿ ಒಳನುಗ್ಗಲು ಬಿಟ್ಟ ಹಿಂಬಾಗಿಲು ಯಾವುದೂ ಸಿಕ್ಕಿಲ್ಲ ಅಂತಲೇ ಇದೆ. ಆದರೆ ಅಷ್ಟು ವರ್ಷದಿಂದ ರಿಪೇರಿ ಇಲ್ಲದ ಬೀಗವನ್ನು ಗ್ರಾಹಕರ ಕಾಗದಪತ್ರಕ್ಕೆ ಹಾಕುವುದು ಬೇಡ, ಅಲ್ವಾ?

ವೆರಾಕ್ರಿಪ್ಟ್ ಅದೇ ಕೋಡ್‌ನಿಂದ ಕವಲೊಡೆದದ್ದು. ಫ್ರಾನ್ಸ್‌ನಲ್ಲಿ ಮುನೀರ್ ಇದ್ರಾಸಿ ಎಂಬವರು 2013ರಲ್ಲಿ ಶುರು ಮಾಡಿದರು. 2016ರಲ್ಲಿ ಹೊರಗಿನವರು ಇದನ್ನೂ ತಪಾಸಣೆ ಮಾಡಿದರು, ಗಂಭೀರ ದೋಷಗಳು ಸಿಕ್ಕವು, ಅವನ್ನು ಸರಿಪಡಿಸಿ ಹೊಸ ಆವೃತ್ತಿ ಬಿಟ್ಟರು. ದೋಷ ಸಿಕ್ಕಿತು ಅಂದರೆ ಹೆದರಬೇಡಿ. ಹುಡುಕುವವರು ಇದ್ದಾರೆ, ತಿದ್ದುವವರೂ ಇದ್ದಾರೆ ಅಂತ ಅರ್ಥ. ಓಪನ್ ಸೋರ್ಸ್ ಅನ್ನುವುದಕ್ಕೆ ನಾನು ಬೆಲೆ ಕೊಡುವುದು ಇದಕ್ಕೇ, ಬಿಟ್ಟಿ ಸಿಗುತ್ತದೆ ಅಂತಲ್ಲ. ಅಂದಹಾಗೆ ಗೆಳೆಯರ ಹತ್ತಿರ ಹಳೆಯ ಟ್ರೂಕ್ರಿಪ್ಟ್ ಡಿಸ್ಕ್ ಇದ್ದರೆ, ಅದನ್ನು ತೆರೆಯಬಲ್ಲ ಕೊನೆಯ ವೆರಾಕ್ರಿಪ್ಟ್ ಆವೃತ್ತಿ 1.25.9 ಅಂತ ತಿಳಿಸಿ. ಅದರಲ್ಲಿ ತೆರೆದು ಡೇಟಾ ಹೊರಗೆ ತೆಗೆದುಕೊಳ್ಳಲಿ.

ಈಗ ಒಳಗೆ ಏನು ನಡೆಯುತ್ತದೆ ಅಂತ ಸ್ವಲ್ಪ ನೋಡೋಣ. ಇದು ಗೊತ್ತಿದ್ದರೆ ನಿಮ್ಮ ಉಳಿದ ಪ್ರಶ್ನೆಗಳಿಗೆ ಅರ್ಧ ಉತ್ತರ ತಾನಾಗಿಯೇ ಸಿಗುತ್ತದೆ.

ವಿಂಡೋಸ್ ಲಾಗಿನ್ ಪಾಸ್‌ವರ್ಡ್ ಇದೆಯಲ್ಲ, ಅದು ಮನೆಯ ಮುಂಬಾಗಿಲ ಬೀಗ ಮಾತ್ರ. ಕಳ್ಳ ಡಿಸ್ಕನ್ನೇ ಬಿಚ್ಚಿ ಇನ್ನೊಂದು ಕಂಪ್ಯೂಟರ್‌ಗೆ ಸಿಕ್ಕಿಸಿದರೆ ನಿಮ್ಮ ಡಿ ಡ್ರೈವ್ ತೆರೆದ ಪುಸ್ತಕ. ಎನ್‌ಕ್ರಿಪ್ಟ್ ಮಾಡಿದರೆ ಡಿಸ್ಕ್ ಮೇಲೆ ಇರುವುದೆಲ್ಲ ಅರ್ಥವಿಲ್ಲದ ಅಂಕಿಗಳ ರಾಶಿ. ಆ ರಾಶಿಯನ್ನು ಓದಲು ಒಂದು ಮೂಲ ಕೀಲಿ ಬೇಕು. ಅದು ನಿಮ್ಮ ಪಾಸ್‌ವರ್ಡ್ ಅಲ್ಲ. ತಂತ್ರಾಂಶವೇ ಸೃಷ್ಟಿಸಿದ, ಯಾರೂ ಊಹಿಸಲಾಗದ ಸಂಖ್ಯೆ. ಆ ಮೂಲ ಕೀಲಿಯನ್ನು ಪಾರ್ಟಿಶನ್‌ನ, ಅಂದರೆ ಡಿಸ್ಕ್‌ನಲ್ಲಿ ನಿಮ್ಮ ಡಿ ಡ್ರೈವ್ ಇರುವ ಭಾಗದ, ಶುರುವಿನಲ್ಲಿ ಹೆಡರ್ ಅನ್ನುವ ಒಂದು ಪುಟ್ಟ ಪೆಟ್ಟಿಗೆಯಲ್ಲಿ ಇಟ್ಟಿರುತ್ತದೆ. ವೆರಾಕ್ರಿಪ್ಟ್‌ನಲ್ಲಿ ಈ ಪೆಟ್ಟಿಗೆ ಬರೀ 512 ಬೈಟ್. ನಿಮ್ಮ ಪಾಸ್‌ವರ್ಡ್ ತೆರೆಯುವುದು ಈ ಪೆಟ್ಟಿಗೆಯನ್ನು ಮಾತ್ರ.

ಇದರಿಂದ ಎರಡು ಸಂಗತಿ ಹೊರಡುತ್ತವೆ. ಒಂದು, ಪಾಸ್‌ವರ್ಡ್ ಬದಲಿಸಿದರೆ 500 ಜಿಬಿಯನ್ನು ಮತ್ತೆ ಬರೆಯಬೇಕಾಗಿಲ್ಲ, ಪೆಟ್ಟಿಗೆಯ ಬೀಗ ಬದಲಿಸಿದರೆ ಸಾಕು. ಇನ್ನೊಂದು, ಆ 512 ಬೈಟ್ ಹಾಳಾಗಿ, ಅದರ ಪ್ರತಿಯೂ ಇಲ್ಲದಿದ್ದರೆ ಪಾಸ್‌ವರ್ಡ್ ಬಾಯಿಪಾಠ ಇದ್ದರೂ ಪ್ರಯೋಜನ ಇಲ್ಲ. ಈ ಎರಡನೆಯದನ್ನು ಜನ ಮರೆಯುತ್ತಾರೆ. ನಾನು ಕಂಡ ಹಾಗೆ, ಎನ್‌ಕ್ರಿಪ್ಟ್ ಮಾಡಿದ ಡೇಟಾ ಕಳೆದುಕೊಳ್ಳುವವರು ಕಳ್ಳರಿಂದ ಕಳೆದುಕೊಳ್ಳುವುದು ಕಡಿಮೆ. ತಮ್ಮ ಕೈಯಾರೆ ಕಳೆದುಕೊಳ್ಳುವುದೇ ಜಾಸ್ತಿ.

ಪಾಸ್‌ವರ್ಡ್ ಕೊಟ್ಟ ಮೇಲೆ ತೆರೆಯಲು ಒಂದೆರಡು ಸೆಕೆಂಡ್ ತಡವಾಗುತ್ತದೆ, ಅದೂ ಬೇಕಂತಲೇ. ಮಾಮೂಲಿ ಪಾರ್ಟಿಶನ್‌ಗೆ ವೆರಾಕ್ರಿಪ್ಟ್ ನಿಮ್ಮ ಪಾಸ್‌ವರ್ಡನ್ನು 5,00,000 ಸಲ ಅರೆದು ಕೀಲಿ ಮಾಡುತ್ತದೆ. ಟ್ರೂಕ್ರಿಪ್ಟ್ ಅರೆಯುತ್ತಿದ್ದದ್ದು 1,000 ಅಥವಾ 2,000 ಸಲ. ನಿಮಗೆ ಒಂದು ಸಲದ ತಡ, ಸುಮ್ನೆ ಕೂತು ಕೋಟಿಗಟ್ಟಲೆ ಪಾಸ್‌ವರ್ಡ್ ಪ್ರಯತ್ನಿಸುವವನಿಗೆ ಪ್ರತಿ ಸಲವೂ ಅಷ್ಟೇ ತಡ.

ಇನ್ನು ಕೆಲಸಕ್ಕೆ ಇಳಿಯೋಣ.

ಮೊದಲು ಡಿ ಡ್ರೈವ್ ಪೂರ್ತಿ ಒಂದು ಹೊರಗಿನ ಹಾರ್ಡ್ ಡಿಸ್ಕ್‌ಗೆ ನಕಲು ಮಾಡಿ. ನಕಲಾಗಿದೆ ಅಂತ ನಂಬಬೇಡಿ, ನಾಲ್ಕಾರು ಫೈಲ್ ತೆರೆದು ನೋಡಿ. ಟ್ಯಾಲಿಯ ಒಂದು ಕಂಪನಿಯನ್ನು ಆ ನಕಲಿನಿಂದಲೇ ತೆರೆದು ನೋಡಿ. ಇದಾದ ಮೇಲಷ್ಟೇ ಮುಂದಿನದು.

ವೆರಾಕ್ರಿಪ್ಟನ್ನು ಅದರ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಿ. ತೆರೆದು ‘ಕ್ರಿಯೇಟ್ ವಾಲ್ಯೂಮ್’ ಒತ್ತಿದರೆ ಮೂರು ಆಯ್ಕೆ ಬರುತ್ತವೆ. ನಿಮಗೆ ಎರಡನೆಯದು, ವಿಂಡೋಸ್ ಕೂತಿರದ ಪಾರ್ಟಿಶನ್ ಅಥವಾ ಡ್ರೈವ್ ಎನ್‌ಕ್ರಿಪ್ಟ್ ಮಾಡುವುದು. ಮುಂದೆ ‘ಸ್ಟ್ಯಾಂಡರ್ಡ್’ ಅನ್ನಿ. ಅದರ ಪಕ್ಕದಲ್ಲಿ ‘ಹಿಡನ್’ ಅಂತ ಇದೆ. ಒಂದರೊಳಗೆ ಇನ್ನೊಂದನ್ನು ಬಚ್ಚಿಡುವ ಆ ಆಟ ನಿಮ್ಮ ಕಚೇರಿಗೆ ಬೇಡ.

ಆಮೇಲೆ ಪಾರ್ಟಿಶನ್ ಆರಿಸಬೇಕು. ಇಲ್ಲಿ ಅವಸರ ಬೇಡ. ಡ್ರೈವ್ ಅಕ್ಷರ ನೋಡಿ, ಗಾತ್ರವನ್ನೂ ನೋಡಿ, ಎರಡೂ ತಾಳೆ ಆದರೆ ಮಾತ್ರ ಆರಿಸಿ. ಪಕ್ಕದಲ್ಲೇ ನಿಮ್ಮ ನಕಲು ಇರುವ ಹೊರಗಿನ ಡಿಸ್ಕ್ ಕೂಡ ಪಟ್ಟಿಯಲ್ಲಿ ಕಾಣುತ್ತದೆ. ಅದನ್ನು ಈ ಹೊತ್ತಿಗೆ ಕಿತ್ತಿಟ್ಟರೆ ಇನ್ನೂ ಒಳ್ಳೆಯದು.

ಈಗ ಎರಡು ದಾರಿ. ಒಂದು, ಪಾರ್ಟಿಶನ್ ಖಾಲಿ ಮಾಡಿ, ಫಾರ್ಮ್ಯಾಟ್ ಮಾಡಿ ಎನ್‌ಕ್ರಿಪ್ಟ್ ಮಾಡುವುದು. ಇನ್ನೊಂದು, ಇದ್ದ ಡೇಟಾ ಇದ್ದಲ್ಲೇ ಇಟ್ಟು ಎನ್‌ಕ್ರಿಪ್ಟ್ ಮಾಡುವುದು. ಎರಡನೆಯದನ್ನು ನಡುವೆ ನಿಲ್ಲಿಸಿ ಮುಂದುವರಿಸಬಹುದು. ಆದರೆ ಮುಗಿಯುವ ತನಕ ಆ ಡ್ರೈವ್ ಬಳಸಲಾಗದು, ಓದಿ ಮತ್ತೆ ಬರೆಯಬೇಕಾದ್ದರಿಂದ ಹೊತ್ತೂ ಹೆಚ್ಚು. ನನ್ನ ಮತ ಮೊದಲನೆಯದಕ್ಕೆ. ಹೇಗೂ ನಕಲು ಇದೆಯಲ್ಲ. ಫಾರ್ಮ್ಯಾಟ್ ದಾರಿಯಲ್ಲಿ ನಡುವೆ ಕರೆಂಟ್ ಹೋದರೂ ಕಳೆದುಕೊಳ್ಳುವುದು ಹೊತ್ತನ್ನು ಮಾತ್ರ, ಮೊದಲಿನಿಂದ ಶುರು ಮಾಡಿದರಾಯಿತು. ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇರುವುದರಿಂದ ನಿಮಗೆ ಆ ಚಿಂತೆಯೂ ಕಡಿಮೆ. ಸೆಕೆಂಡ್‌ಗೆ 100 ಎಂಬಿ ಬರೆಯುವ ಡಿಸ್ಕ್ ಆದರೆ 500 ಜಿಬಿಗೆ ಸುಮಾರು ಒಂದೂವರೆ ಗಂಟೆ. ‘ಕ್ವಿಕ್ ಫಾರ್ಮ್ಯಾಟ್’ ಅನ್ನುವ ಚೌಕಕ್ಕೆ ಟಿಕ್ ಹಾಕಬೇಡಿ. ಹಾಕಿದರೆ ನಿಮಿಷದಲ್ಲಿ ಮುಗಿಯುತ್ತದೆ ನಿಜ, ಆದರೆ ಹಳೆಯ ಫೈಲ್‌ಗಳ ಅವಶೇಷ ಹಾಗೇ ಉಳಿದಿರುತ್ತದೆ.

ಗೂಢಲಿಪಿಯ ವಿಧಾನ ಕೇಳಿದರೆ ಎಇಎಸ್ ಅಂತಲೇ ಬಿಡಿ. 2001ರಿಂದ ಅಮೆರಿಕ ಸರ್ಕಾರದ ಮಾನದಂಡ ಅದು, ರೂಪಿಸಿದವರು ಬೆಲ್ಜಿಯಂನ ಇಬ್ಬರು. ಈಗಿನ ಹೆಚ್ಚಿನ ಪ್ರೊಸೆಸರ್‌ಗಳಲ್ಲಿ ಅದಕ್ಕೆಂದೇ ಸೂಚನೆಗಳು ಇರುವುದರಿಂದ ದಿನದ ಕೆಲಸದಲ್ಲಿ ವೇಗ ಇಳಿದದ್ದು ಗೊತ್ತೇ ಆಗುವುದಿಲ್ಲ. ಸಂಶಯ ಇದ್ದರೆ ‘ಟೂಲ್ಸ್’ ಒಳಗೆ ‘ಬೆಂಚ್‌ಮಾರ್ಕ್’ ಇದೆ, ನೋಡಿಕೊಳ್ಳಿ. ಮೂರು ವಿಧಾನಗಳನ್ನು ಒಂದರ ಮೇಲೊಂದು ಹಾಕುವ ಆಯ್ಕೆಯೂ ಇದೆ. ಕಳ್ಳ ಒಂದನ್ನೂ ಮುರಿಯಲಾರ, ಮೂರು ಯಾಕೆ?

ಕಡೆಗೆ ಮೌಸ್ ಅತ್ತಿಂದಿತ್ತ ಅಲ್ಲಾಡಿಸಿ ಅನ್ನುತ್ತದೆ. ತಮಾಷೆಯಲ್ಲ, ಆ ಅಡ್ಡಾದಿಡ್ಡಿ ಓಡಾಟದಿಂದಲೂ ಮೂಲ ಕೀಲಿಗೆ ಬೇಕಾದ ಯಾದೃಚ್ಛಿಕತೆ ಹೆಕ್ಕಿಕೊಳ್ಳುತ್ತದೆ. ಒಂದು ನಿಮಿಷ ಅಲ್ಲಾಡಿಸಿ.

ಮುಗಿದ ಮೇಲೆ ಒಂದು ಕೆಲಸ ತಪ್ಪಿಸಬೇಡಿ. ಇದರ ಹಿಂದೆ ನನ್ನದೇ ಒಂದು ಪೆದ್ದುತನದ ಕಥೆ ಇದೆ.

ಎನ್‌ಕ್ರಿಪ್ಟ್ ಆದ ಪಾರ್ಟಿಶನ್ ವಿಂಡೋಸ್ ಕಣ್ಣಿಗೆ ಬರೀ ಕಸ. ಹಾಗಾಗಿ ಅದನ್ನು ಮುಟ್ಟಿದ ಕೂಡಲೇ ‘ಈ ಡ್ರೈವ್ ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು’ ಅಂತ ಒಂದು ಕಿಟಕಿ ತೆರೆಯುತ್ತದೆ. ಕೆಲವು ವರ್ಷದ ಹಿಂದೆ ಫೋನಿನಲ್ಲಿ ಮಾತಾಡುತ್ತಾ ಮಾತಾಡುತ್ತಾ ನಾನು ‘ಸರಿ’ ಒತ್ತಿಬಿಟ್ಟೆ. ಎರಡು ಸೆಕೆಂಡ್ ಅಷ್ಟೇ. ವೆರಾಕ್ರಿಪ್ಟ್ ಪಾರ್ಟಿಶನ್‌ನ ತುದಿಯಲ್ಲೂ ಹೆಡರ್‌ನ ಒಂದು ಪ್ರತಿ ಇಟ್ಟಿರುತ್ತದೆ, ಅದರಿಂದ ಬೀಗವೇನೋ ತೆರೆಯಿತು. ಆದರೆ ಹೊಸ ಫಾರ್ಮ್ಯಾಟ್ ಒಳಗಿನ ಫೈಲ್‌ಗಳ ಪಟ್ಟಿ ಇದ್ದ ಜಾಗದ ಮೇಲೆಯೇ ಬರೆದಿತ್ತು. ಮಗನ ನಾಮಕರಣದ ಫೋಟೋಗಳು ಹೆಸರಿಲ್ಲದ ಚೂರುಗಳಾಗಿ ಸಿಕ್ಕವು. ಬೇರೆ ಡಿಸ್ಕ್‌ನಲ್ಲಿ ನಕಲು ಇದ್ದದ್ದಕ್ಕೆ ಬಚಾವಾದೆ.

ಅದಕ್ಕೇ ಹೇಳಿದ್ದು. ವಿಂಡೋಸ್‌ನ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆದು, ಆ ಪಾರ್ಟಿಶನ್ ಮೇಲೆ ಬಲ ಕ್ಲಿಕ್ ಮಾಡಿ, ಡ್ರೈವ್ ಅಕ್ಷರ ಬದಲಿಸುವ ಆಯ್ಕೆಗೆ ಹೋಗಿ ‘ಡಿ’ ಅಕ್ಷರವನ್ನು ತೆಗೆದುಹಾಕಿ. ಅಕ್ಷರವೇ ಇಲ್ಲದಿದ್ದರೆ ಕಿಟಕಿಯೂ ಇಲ್ಲ. ಇದರಲ್ಲಿ ಇನ್ನೊಂದು ಲಾಭವೂ ಇದೆ. ಈಗ ‘ಡಿ’ ಖಾಲಿಯಾಯಿತಲ್ಲ, ವೆರಾಕ್ರಿಪ್ಟ್‌ನಲ್ಲಿ ಮೌಂಟ್ ಮಾಡುವಾಗ, ಅಂದರೆ ಪಾಸ್‌ವರ್ಡ್ ಕೊಟ್ಟು ಡ್ರೈವ್ ತೆರೆಯುವಾಗ, ಅದೇ ಅಕ್ಷರ ಕೊಡಿ. ಟ್ಯಾಲಿಗೆ ಡೇಟಾದ ದಾರಿ ಮೊದಲಿನದ್ದೇ ಸಿಗುತ್ತದೆ, ಏನೂ ತಿದ್ದಬೇಕಾಗಿಲ್ಲ. ಬೆಳಿಗ್ಗೆ ಬಂದು ಮೌಂಟ್ ಮಾಡಿ, ಪಾಸ್‌ವರ್ಡ್ ಕೊಡಿ, ಆಮೇಲೆ ಟ್ಯಾಲಿ ತೆರೆಯಿರಿ. ಸಂಜೆ ಮೊದಲು ಟ್ಯಾಲಿ ಮುಚ್ಚಿ, ಆಮೇಲೆ ಮೌಂಟ್ ತೆಗೆಯಿರಿ. ಈ ಕ್ರಮ ಹಿಂದುಮುಂದಾದರೆ ಫೈಲ್ ಕೆಡುವ ಸಂಭವ ಇದೆ.

ಪಾಸ್‌ವರ್ಡ್ ವಿಷಯಕ್ಕೆ ಬರೋಣ. ವೆರಾಕ್ರಿಪ್ಟ್ 20 ಅಕ್ಷರಕ್ಕಿಂತ ಕಡಿಮೆ ಇದ್ದರೆ ಗೊಣಗುತ್ತದೆ. ಸರಿಯಾಗೇ ಗೊಣಗುತ್ತದೆ. ನೆನಪಿರಬೇಕು, ಉದ್ದವೂ ಇರಬೇಕು ಅಂದರೆ ಪದಗಳ ಸಾಲೇ ದಾರಿ. ಈ ವಿಧಾನದಲ್ಲಿ ಹೆಸರಾದದ್ದು ಡೈಸ್‌ವೇರ್. ಐದು ಸಲ ದಾಳ ಉರುಳಿಸಿದರೆ 7,776 ಪದಗಳ ಪಟ್ಟಿಯಿಂದ ಒಂದು ಪದ. ಹಾಗೆ ಆರು ಪದ ಆರಿಸಿದರೆ ಈಗಿನ ಕಂಪ್ಯೂಟರ್‌ಗಳಿಗೆ ಊಹಿಸಿ ಮುಗಿಯುವ ಮಾತಲ್ಲ. ಪದ ಆರಿಸುವುದು ದಾಳ, ನೀವಲ್ಲ, ಅದೇ ಗುಟ್ಟು. ನಾವೇ ಆರಿಸಲು ಹೋದರೆ ‘ಕೈ ಕೆಸರಾದರೆ ಬಾಯಿ ಮೊಸರು’ ಅಂತ ಬರೆದುಬಿಡುತ್ತೇವೆ. ಗಾದೆ, ವಚನದ ಸಾಲು, ಸಿನಿಮಾ ಹಾಡಿನ ಪಲ್ಲವಿ ಯಾವುದೂ ಬೇಡ.

ಕನ್ನಡ ಪದ ಬಳಸಬಹುದಾ? ಬಳಸಿ, ಆದರೆ ಇಂಗ್ಲಿಷ್ ಅಕ್ಷರದಲ್ಲಿ. ‘ಅಳಿಲು ಒರಳು ಬಸ್ಸು ಜೋಳ ಕಂಬಳಿ ಸುಣ್ಣ’ ಅನ್ನುವಂಥ ಸಂಬಂಧವಿಲ್ಲದ ಸಾಲು. ಇದನ್ನೇ ಬಳಸಬೇಡಿ, ಇಲ್ಲಿ ಅಚ್ಚಾಯಿತು. ಕನ್ನಡ ಪದವನ್ನು ಇಂಗ್ಲಿಷ್‌ನಲ್ಲಿ ಬರೆಯುವಾಗ ಒಬ್ಬೊಬ್ಬರದ್ದು ಒಂದೊಂದು ಕಾಗುಣಿತ. ‘ಜೋಳ’ಕ್ಕೆ ಒಂದು ಓ ಹಾಕುತ್ತೀರಾ, ಎರಡಾ? ‘ಸುಣ್ಣ’ದ ಕೊನೆಗೆ ಎಷ್ಟು ಎ? ಆರು ತಿಂಗಳ ಮೇಲೆ ತಡಬಡಾಯಿಸುವುದು ಇಲ್ಲೇ. ಕಾಗುಣಿತದಲ್ಲಿ ಅನುಮಾನ ಬಾರದ ಪದ ಬರುವ ತನಕ ದಾಳ ಉರುಳಿಸಿ.

ನೇರವಾಗಿ ಕನ್ನಡ ಲಿಪಿಯಲ್ಲೇ ಪಾಸ್‌ವರ್ಡ್ ಇಟ್ಟರೆ ಅಂತ ಕೆಲವರು ಕೇಳುತ್ತಾರೆ. ಕೇಳಲು ಚೆಂದ, ಆದರೆ ಅಪಾಯ. ‘ಕೊ’ ಅನ್ನುವುದನ್ನೇ ನೋಡಿ. ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಯುನಿಕೋಡ್ ಪದ್ಧತಿಯಲ್ಲಿ ಆ ‘ಒ’ಕಾರವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ‘ಎ’ಕಾರ ಮತ್ತು ‘ಊ’ಕಾರ ಎರಡು ಸೇರಿಸಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ ಥರ. ಪಾಸ್‌ವರ್ಡ್‌ಗೆ ಮಾತ್ರ ಎರಡೂ ಬೇರೆ ಬೇರೆ. ‘ರಾಜ್‌ಕುಮಾರ್’ ಅಂತ ಬರೆಯುವಾಗ ಒತ್ತಕ್ಷರ ಆಗದಂತೆ ನಡುವೆ ಕಾಣದ ಒಂದು ಅಕ್ಷರ ಕೂತಿರುತ್ತದೆ, ಅದನ್ನು ಹಾಕುವ ಬಗೆಯೂ ಕೀಲಿಮಣೆಯಿಂದ ಕೀಲಿಮಣೆಗೆ ಬೇರೆ. ಇವತ್ತು ನುಡಿಯಲ್ಲಿ ಟೈಪ್ ಮಾಡಿ, ನಾಳೆ ಬೇರೆ ಕಂಪ್ಯೂಟರ್‌ನಲ್ಲಿ ಇನ್‌ಸ್ಕ್ರಿಪ್ಟ್‌ನಲ್ಲಿ ಮಾಡಿದಿರಿ ಅನ್ನಿ. ಕಣ್ಣಿಗೆ ಸರಿ ಕಂಡರೂ ಬಾಗಿಲು ತೆರೆಯದೇ ಹೋಗಬಹುದು.

ಮರೆತರೆ ಏನು ಗತಿ ಅಂದಿರಿ. ಗತಿ ಇಲ್ಲ. ತಂತ್ರಾಂಶ ಮಾಡಿದವರಿಗೆ ಬರೆದರೂ, ಡೇಟಾ ತೆಗೆದುಕೊಡುವ ಅಂಗಡಿಗೆ ಹೋದರೂ, ನಾನು ಬಂದರೂ ಆಗುವುದಿಲ್ಲ. ನಮಗೆ ಆಗುವ ಹಾಗಿದ್ದರೆ ಕಳ್ಳನಿಗೂ ಆಗುತ್ತಿತ್ತು. ಪಾಸ್‌ವರ್ಡನ್ನು ಕಾಗದದ ಮೇಲೆ ಬರೆದು, ಲಕೋಟೆಗೆ ಅಂಟು ಹಾಕಿ ಬ್ಯಾಂಕ್ ಲಾಕರ್‌ನಲ್ಲಿಡಿ. ಕಾಗದದ ಮೇಲೆ ಬರೆಯಬಾರದು ಅನ್ನುವ ಹಳೆಯ ಬುದ್ಧಿವಾದ ಮಾನಿಟರ್‌ಗೆ ಚೀಟಿ ಅಂಟಿಸುವವರಿಗೆ ಹೇಳಿದ್ದು. ಬಸ್ಸಿನಲ್ಲಿ ಬ್ಯಾಗ್ ಎತ್ತಿಕೊಂಡು ಹೋಗುವವನು ನಿಮ್ಮ ಲಾಕರ್‌ಗೆ ಬರುವುದಿಲ್ಲ. ನಿಮಗೇ ಏನಾದರೂ ಹೆಚ್ಚುಕಡಿಮೆ ಆದರೆ ಮನೆಯವರಿಗಾದರೂ ಸಿಗಬೇಕಲ್ಲವೇ?

ಲಕೋಟೆಯ ಜತೆಗೇ ಇಡಬೇಕಾದದ್ದು ಇನ್ನೊಂದು, ಹೆಡರ್‌ನ ನಕಲು. ‘ಟೂಲ್ಸ್’ನಲ್ಲಿ ‘ಬ್ಯಾಕಪ್ ವಾಲ್ಯೂಮ್ ಹೆಡರ್’ ಅಂತಿದೆ. ಒಂದು ಪುಟ್ಟ ಫೈಲ್ ಸಿಗುತ್ತದೆ, ಎರಡು ಪೆನ್‌ಡ್ರೈವ್‌ನಲ್ಲಿ ಇಡಿ. ಡಿಸ್ಕ್‌ನ ಆ ಜಾಗ ಹಾಳಾದರೆ ಇದರಿಂದ ವಾಪಸ್ ಹಾಕಬಹುದು. ಆದರೆ ಇಲ್ಲೊಂದು ಸೂಕ್ಷ್ಮ ಇದೆ. ಆ ನಕಲು ತೆರೆಯುವುದು ನಕಲು ತೆಗೆದ ದಿನದ ಪಾಸ್‌ವರ್ಡ್‌ಗೆ. ನೀವು ಆಮೇಲೆ ಪಾಸ್‌ವರ್ಡ್ ಬದಲಿಸಿದರೂ ಹಳೆಯ ನಕಲು ಮತ್ತು ಹಳೆಯ ಪಾಸ್‌ವರ್ಡ್ ಸೇರಿದರೆ ಡ್ರೈವ್ ತೆರೆಯುತ್ತದೆ, ಒಳಗಿನ ಮೂಲ ಕೀಲಿ ಅದೇ ಅಲ್ವಾ.

ಈ ದೌರ್ಬಲ್ಯವನ್ನೇ ಅನುಕೂಲಕ್ಕೆ ಬಳಸಬಹುದು. ಸಹಾಯಕರ ಕಂಪ್ಯೂಟರ್‌ಗೂ ಇದೇ ವ್ಯವಸ್ಥೆ ಮಾಡುವುದಾದರೆ, ಮೊದಲು ನಿಮ್ಮ ಪಾಸ್‌ವರ್ಡ್‌ನಿಂದ ಎನ್‌ಕ್ರಿಪ್ಟ್ ಮಾಡಿ ಹೆಡರ್ ನಕಲು ತೆಗೆದಿಡಿ. ಆಮೇಲೆ ಅವರು ತಮ್ಮ ಪಾಸ್‌ವರ್ಡ್ ಹಾಕಿಕೊಳ್ಳಲಿ. ಅವರು ಮರೆತರೆ, ಅಥವಾ ಹೇಳದೆ ಕೇಳದೆ ಕೆಲಸ ಬಿಟ್ಟರೆ, ನಿಮ್ಮ ಹೆಡರ್ ವಾಪಸ್ ಹಾಕಿ ನಿಮ್ಮ ಪಾಸ್‌ವರ್ಡ್‌ನಿಂದ ತೆರೆಯಿರಿ. ಆದರೆ ಅದೇ ಸಹಾಯಕರ ಕೈಯಲ್ಲಿ ಹಳೆಯ ಹೆಡರ್ ಇದ್ದರೆ ಪಾಸ್‌ವರ್ಡ್ ಬದಲಿಸಿ ಉಪಯೋಗವಿಲ್ಲ. ಆಗ ಡೇಟಾ ಹೊರತೆಗೆದು ಪಾರ್ಟಿಶನ್ ಹೊಸದಾಗಿ ಮಾಡಬೇಕು.

ಇಷ್ಟೆಲ್ಲ ಮಾಡಿದ ಮೇಲೂ ಇದು ಕಾಯದ ಜಾಗಗಳು ಇವೆ. ಬೀಗ ಕೆಲಸ ಮಾಡುವುದು ಡ್ರೈವ್ ಮುಚ್ಚಿದ್ದಾಗ ಮಾತ್ರ. ಮೌಂಟ್ ಆಗಿದ್ದಾಗ ಮೂಲ ಕೀಲಿ ಮೆಮೊರಿಯಲ್ಲೇ ಇರುತ್ತದೆ, ನಿಮಗೆ ಕಾಣುವುದೆಲ್ಲ ವೈರಸ್‌ಗೂ ಕಾಣುತ್ತದೆ. ಲ್ಯಾಪ್‌ಟಾಪ್ ಮುಚ್ಚಳ ಹಾಕಿ ಸ್ಲೀಪ್‌ನಲ್ಲಿ ಬಿಟ್ಟು ಬಸ್ ಹತ್ತಿದರೆ ಇಷ್ಟು ಮಾಡಿಯೂ ಏನು ಬಂತು? ಪ್ರಯಾಣಕ್ಕೆ ಮೊದಲು ಪೂರ್ತಿ ಶಟ್‌ಡೌನ್ ಮಾಡಿ. ವಿಂಡೋಸ್‌ನ ‘ಫಾಸ್ಟ್ ಸ್ಟಾರ್ಟಪ್’ ಕೂಡ ಆಫ್ ಮಾಡಿಡಿ.

ಇನ್ನೊಂದು, ಸಿ ಡ್ರೈವ್. ಗ್ರಾಹಕರು ಮೇಲ್‌ನಲ್ಲಿ, ವಾಟ್ಸಾಪ್‌ನಲ್ಲಿ ಕಳಿಸಿದ ಆಧಾರ್ ಪ್ರತಿ ಮೊದಲು ಬೀಳುವುದು ‘ಡೌನ್‌ಲೋಡ್ಸ್’ಗೆ, ಅಂದರೆ ಸಿ ಡ್ರೈವ್‌ಗೆ. ವರ್ಡ್, ಎಕ್ಸೆಲ್‌ನ ತಾತ್ಕಾಲಿಕ ಪ್ರತಿಗಳೂ ಅಲ್ಲೇ ಸೇರಬಹುದು. ಡಿ ಡ್ರೈವ್ ಒಂದಕ್ಕೇ ಬೀಗ ಅಂದರೆ ಬೀರುವಿಗೆ ಬೀಗ ಹಾಕಿ ಕಾಗದವನ್ನು ಮೇಜಿನ ಮೇಲೆ ಬಿಟ್ಟ ಹಾಗೆ. ಡೌನ್‌ಲೋಡ್ ಜಾಗವನ್ನು ಹೊಸ ‘ಡಿ’ಗೆ ಬದಲಿಸಿ. ಸಿ ಡ್ರೈವನ್ನೂ ಮಾಡಬೇಕು ಅಂದರೆ ವೆರಾಕ್ರಿಪ್ಟ್ ಮಾಡುತ್ತದೆ. ವಿಂಡೋಸ್‌ನದ್ದೇ ಬಿಟ್‌ಲಾಕರ್ ಕೂಡ ಇದೆ, ಅದು ಓಪನ್ ಸೋರ್ಸ್ ಅಲ್ಲ ಅಷ್ಟೇ. ಹೊಸ ಲ್ಯಾಪ್‌ಟಾಪ್ ಆದರೆ ಸಿ ಡ್ರೈವ್ ಆಗಲೇ ಎನ್‌ಕ್ರಿಪ್ಟ್ ಆಗಿರಲೂಬಹುದು, ಸೆಟ್ಟಿಂಗ್ಸ್‌ನಲ್ಲಿ ನೋಡಿ. ಆಗಿದ್ದರೆ ಅದನ್ನು ಕೆದಕಲು ಹೋಗಬೇಡಿ.

ಡಿಸ್ಕ್ ಎಸ್‌ಎಸ್‌ಡಿ, ಅಂದರೆ ಚಿಪ್‌ಗಳಲ್ಲಿ ಬರೆಯುವ ಬಗೆಯದು, ಆಗಿದ್ದರೆ ಒಂದು ಮಾತು. ಎಸ್‌ಎಸ್‌ಡಿ ಸವಕಳಿ ಹಂಚಲು ಬರೆದ ಜಾಗ ಬದಲಿಸುತ್ತಲೇ ಇರುತ್ತದೆ. ನೀವು ಮೇಲೆ ಬರೆದೆ ಅಂದುಕೊಂಡರೂ ಹಳೆಯ ಪ್ರತಿ ಎಲ್ಲೋ ಮೂಲೆಯಲ್ಲಿ ಉಳಿದಿರಬಹುದು. ಮಾಮೂಲಿ ಕಳ್ಳನಿಗೆ ಅದು ಎಟುಕುವುದಿಲ್ಲ. ಆದರೂ ಮುಂದಿನ ಸಲ ಹೊಸ ಡಿಸ್ಕ್ ತಂದಾಗ ಮೊದಲು ಎನ್‌ಕ್ರಿಪ್ಟ್ ಮಾಡಿ, ಆಮೇಲೆ ಡೇಟಾ ಹಾಕಿ.

ಮಗಳ ಲಿನಕ್ಸ್‌ಗೆ ವೆರಾಕ್ರಿಪ್ಟ್ ಕೂಡ ಸಿಗುತ್ತದೆ, ಆದರೆ ಅಲ್ಲಿ ಮನೆಮಗ ಲಕ್ಸ್ (LUKS), ಲಿನಕ್ಸ್‌ನದ್ದೇ ಎನ್‌ಕ್ರಿಪ್ಟ್ ಮಾಡುವ ವ್ಯವಸ್ಥೆ. ಅದೂ 2004ರದ್ದೇ. ಲಿನಕ್ಸ್‌ನ ಬಗೆಗಳಾದ ಉಬುಂಟು, ಮಿಂಟ್ ಹಾಕುವಾಗಲೇ ಎನ್‌ಕ್ರಿಪ್ಟ್ ಮಾಡಬೇಕಾ ಅಂತ ಒಂದು ಆಯ್ಕೆ ಬರುತ್ತದೆ. ಬೇರೆ ಪಾರ್ಟಿಶನ್‌ಗೆ ‘ಡಿಸ್ಕ್ಸ್’ ಅನ್ನುವ ಉಪಕರಣದಲ್ಲಿ ಫಾರ್ಮ್ಯಾಟ್ ಮಾಡುವಾಗ ಒಂದು ಟಿಕ್ ಹಾಕಿದರೆ ಸಾಕು. ಲಕ್ಸ್‌ನಲ್ಲಿ ನನಗೆ ಬಹಳ ಹಿಡಿಸುವುದು ಅದರ ಹೆಡರ್. ಒಂದೇ ಪಾರ್ಟಿಶನ್‌ಗೆ ಹಲವು ಪಾಸ್‌ವರ್ಡ್ ಇಡಬಹುದು. ಹಳೆಯ ಲಕ್ಸ್‌ನಲ್ಲಿ 8, ಈಗಿನದರಲ್ಲಿ 32 ಜಾಗ ಇವೆ. ಮಗಳದ್ದೊಂದು, ನಿಮ್ಮದೊಂದು. ಬೇಡವಾದದ್ದನ್ನು ತೆಗೆಯಬಹುದು. ಪಾಸ್‌ವರ್ಡ್ ಅರೆಯಲು ಈಗಿನ ಲಕ್ಸ್ ಬಳಸುವ ಆರ್ಗಾನ್2 ಅನ್ನುವ ವಿಧಾನ ಬೇಕಂತಲೇ ಬಹಳ ಮೆಮೊರಿ ತಿನ್ನುತ್ತದೆ, ಸಾವಿರಾರು ಊಹೆಗಳನ್ನು ಒಟ್ಟಿಗೆ ಓಡಿಸುವವನಿಗೆ ಅದು ದುಬಾರಿ. ಹೆಡರ್ ನಕಲಿನ ನಿಯಮ ಇಲ್ಲೂ ಅದೇ. ಮಗಳಿಗೆ ಆಜ್ಞೆಗಳು ಬರುತ್ತವಾದರೆ ‘ಲಕ್ಸ್ ಹೆಡರ್ ಬ್ಯಾಕಪ್’ ಅಂದರೆ ಅವಳಿಗೆ ಗೊತ್ತಾಗುತ್ತದೆ. ಒಂದೇ ಡಿಸ್ಕನ್ನು ಎರಡೂ ಕಂಪ್ಯೂಟರ್‌ಗೆ ಹಾಕಬೇಕು ಅಂದರೆ ಮಾತ್ರ ವೆರಾಕ್ರಿಪ್ಟ್ ಇರಲಿ, ಲಕ್ಸ್ ಡಿಸ್ಕನ್ನು ವಿಂಡೋಸ್ ತಾನಾಗಿ ಓದುವುದಿಲ್ಲ.

ಕಡೆಗೆ, ನೀವು ಕೇಳದ ಒಂದು ವಿಷಯ. ಎಲ್ಲ ಮುಗಿದ ಮೇಲೆ ಮೊದಲ ದಿನ ನಕಲು ಮಾಡಿದ ಆ ಹೊರಗಿನ ಹಾರ್ಡ್ ಡಿಸ್ಕ್ ನಿಮ್ಮ ಮೇಜಿನ ಖಾನೆಯಲ್ಲಿ ಕೂತಿರುತ್ತದೆ, ಗ್ರಾಹಕರ ಎಲ್ಲ ಕಾಗದವನ್ನೂ ಹೊತ್ತುಕೊಂಡು, ಬೀಗ ಇಲ್ಲದೆ. ಡೇಟಾವನ್ನು ಹೊಸ ‘ಡಿ’ಗೆ ವಾಪಸ್ ಹಾಕಿ, ಎಲ್ಲ ತೆರೆಯುತ್ತಿದೆ ಅಂತ ಒಂದು ವಾರ ನೋಡಿ. ಆಮೇಲೆ ಆ ಡಿಸ್ಕನ್ನೂ ಇದೇ ರೀತಿ, ಕ್ವಿಕ್ ಫಾರ್ಮ್ಯಾಟ್ ಇಲ್ಲದೆ, ಎನ್‌ಕ್ರಿಪ್ಟ್ ಮಾಡಿ ಮುಂದಿನ ಬ್ಯಾಕಪ್‌ಗೆ ಅದನ್ನೇ ಬಳಸಿ. ಹಳೆಯ ಪೆನ್‌ಡ್ರೈವ್‌ಗಳು ಎಷ್ಟಿವೆ ಅಂತಲೂ ಹುಡುಕಿ. ನನ್ನ ಖಾನೆಯಲ್ಲಿ ಹನ್ನೊಂದು ಸಿಕ್ಕಿದ್ದವು.